ಅಂಗಡಿ ಲ್ಯಾಪ್‌ಟಾಪ್‌ಗೆ ವೈರ್ ಬೇಕಾ, ವೈಫೈ ಸಾಕಾ? ರಿಟರ್ನ್ಸ್ ಹಾಕುವ ಮುಂಚೆ ಇದನ್ನು ಓದಿ

ಕೋಲಾರ: ತಿಂಗಳ 20ನೇ ತಾರೀಕು ಹತ್ತಿರ ಬಂತು ಅಂದ್ರೆ ಅಂಗಡಿ ಮಾಲೀಕರಿಗೆ ಟೆನ್ಷನ್ ಶುರು. ಪ್ರತಿ ತಿಂಗಳು ರಿಟರ್ನ್ಸ್ ಹಾಕುವವರಿಗೆ ಜಿಎಸ್‌ಟಿಆರ್-3ಬಿ ಸಲ್ಲಿಸಲು ಅದೇ ಕೊನೆ ದಿನ. ಒಟಿಪಿ ಹಾಕುವ ಹೊತ್ತಿಗೆ ನೆಟ್ ಕೈಕೊಟ್ಟರೆ ಮರುದಿನದಿಂದ ದಿನಕ್ಕೆ 50 ರೂಪಾಯಿ ತಡ ಶುಲ್ಕ. ವ್ಯಾಪಾರವೇ ಇಲ್ಲದ ತಿಂಗಳಾದರೂ ದಿನಕ್ಕೆ 20 ರೂಪಾಯಿ ಬೀಳುತ್ತದೆ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಬೈಯುವುದು ನೆಟ್ ಕಂಪನಿಯನ್ನು. ಆದರೆ ಎಷ್ಟೋ ಸಲ ಲೈನ್ ಸರಿಯಾಗೇ ಇರುತ್ತದೆ, ತೊಂದರೆ ಇರುವುದು ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ಹತ್ತು ಅಡಿಯಲ್ಲಿ.

ವೈಫೈ ಯಾಕೆ ಸಿಗಲ್ಲ?

ಮುಳಬಾಗಿಲು, ಶ್ರೀನಿವಾಸಪುರ ಕಡೆ ಹಳೇ ಅಂಗಡಿಗಳಿಗೆ ದಪ್ಪ ಕಲ್ಲಿನ ಗೋಡೆ, ಮುಂದೆ ಕಬ್ಬಿಣದ ಶಟರ್. ಕಲ್ಲು, ಕಬ್ಬಿಣ ಎರಡೂ ವೈಫೈ ಸಿಗ್ನಲ್‌ಗೆ ಅಡ್ಡಿ. ಈಗಿನ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಂಡ್ ಇರುತ್ತವೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗ, ಆದರೆ ರೂಟರ್ ಇರುವ ಕೋಣೆಗಷ್ಟೇ ಚೆನ್ನಾಗಿ ಸಿಗುತ್ತದೆ. ವೈಫೈ ಹೆಸರಿನ ಕೊನೆಗೆ '5ಜಿ' ಅಂತ ಕಂಡರೆ ಅದು ಈ ಬ್ಯಾಂಡ್, ಮೊಬೈಲ್ 5ಜಿಗೂ ಅದಕ್ಕೂ ಸಂಬಂಧ ಇಲ್ಲ. ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡುವವರು 2.4ಕ್ಕೆ ಕನೆಕ್ಟ್ ಆಗುವುದು ಒಳ್ಳೆಯದು. ರೂಟರನ್ನು ಬೀರು ಹಿಂದೆ ಇಡದೆ ಎತ್ತರದಲ್ಲಿ ಇಡಿ.

ವೈರ್ ಹಾಕುವುದು ಹೇಗೆ?

ಲ್ಯಾಪ್‌ಟಾಪ್ ಒಂದೇ ಟೇಬಲ್ ಮೇಲೆ ಇರುತ್ತದೆ ಅಂದ್ರೆ ವೈರೇ ವಾಸಿ. 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಲ್ಯಾನ್ ಕೇಬಲ್ ಕೇಳಿ ತನ್ನಿ. 100 ಮೀಟರ್‌ವರೆಗೂ ಎಳೆಯಬಹುದು. ಒಂದು ತುದಿ ರೂಟರ್‌ನ 'ಲ್ಯಾನ್' ಪೋರ್ಟ್‌ಗೆ ('ವ್ಯಾನ್' ಪೋರ್ಟ್‌ಗೆ ಅಲ್ಲ), ಇನ್ನೊಂದು ತುದಿ ಲ್ಯಾಪ್‌ಟಾಪ್‌ಗೆ. 'ಟಕ್' ಅಂತ ಕೂರಬೇಕು. ಪಾಸ್‌ವರ್ಡ್ ಬೇಕಿಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರಲ್ಲ. ಅದಕ್ಕೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಿಗುತ್ತದೆ.

ಕನೆಕ್ಟ್ ಆಗಿದೆ, ಆದ್ರೆ ನೆಟ್ ಇಲ್ಲ!

ಮೊದಲು ಫೈಬರ್ ಬಾಕ್ಸ್ ನೋಡಿ. 'ಲಾಸ್' ಲೈಟ್ ಕೆಂಪಗೆ ಇದ್ದರೆ ಹೊರಗಿನ ಫೈಬರ್‌ನಿಂದ ಸಿಗ್ನಲ್ ಬರುತ್ತಿಲ್ಲ ಅಂತ ಅರ್ಥ, ಲೈನ್‌ನವರಿಗೇ ಫೋನ್ ಮಾಡಬೇಕು. ಕೆಂಪು ಲೈಟ್ ಇಲ್ಲ, ಮೊಬೈಲ್‌ನಲ್ಲಿ ಅದೇ ವೈಫೈ ಓಡ್ತಿದೆ ಅಂದ್ರೆ ತೊಂದರೆ ಲ್ಯಾಪ್‌ಟಾಪ್‌ದು. ಏರೋಪ್ಲೇನ್ ಮೋಡ್ ಆನ್ ಆಗಿದೆಯಾ ನೋಡಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ 169.254 ಅಂತ ಶುರುವಾದರೆ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ವಿಳಾಸ ಸಿಕ್ಕಿಲ್ಲ. ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ವೈಫೈ ಆದರೆ ಆ ಹೆಸರನ್ನು 'ಫರ್ಗೆಟ್' ಕೊಟ್ಟು ಮತ್ತೆ ಪಾಸ್‌ವರ್ಡ್ ಹಾಕಿ.

ಕರೆಂಟ್ ಹೋದ್ರೆ?

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ. ರೂಟರ್‌ಗೆಂದೇ ಸಣ್ಣ ಯುಪಿಎಸ್ ಬರುತ್ತದೆ. ಫೈಬರ್ ಬಾಕ್ಸ್ ಬೇರೆ ಇದ್ದರೆ ಅದಕ್ಕೂ ಬೇಕು. ಅದೂ ಇಲ್ಲವಾದರೆ ಚಾರ್ಜರ್ ಕೇಬಲ್‌ನಿಂದ ಮೊಬೈಲನ್ನು ಲ್ಯಾಪ್‌ಟಾಪ್‌ಗೆ ಸೇರಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಮೊಬೈಲ್ ಡೇಟಾದಲ್ಲೇ ಕೆಲಸ ಮುಗಿಯುತ್ತದೆ.

ಗಿರಾಕಿಗಳು ವೈಫೈ ಪಾಸ್‌ವರ್ಡ್ ಕೇಳಿದರೆ ರೂಟರ್‌ನಲ್ಲಿ 'ಗೆಸ್ಟ್' ನೆಟ್‌ವರ್ಕ್ ಮಾಡಿ ಅದನ್ನು ಕೊಡಿ. ಲೆಕ್ಕಪತ್ರ ಇರುವ ಲ್ಯಾಪ್‌ಟಾಪ್ ಬೇರೆಯಾಗಿಯೇ ಇರಲಿ. ಬಸ್‌ಸ್ಟ್ಯಾಂಡ್‌ನ ಓಪನ್ ವೈಫೈನಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ.

ಇದನ್ನೆಲ್ಲ 20ನೇ ತಾರೀಕು ಸಂಜೆ ಪರೀಕ್ಷೆ ಮಾಡಲು ಹೋಗಬೇಡಿ. ವೈರ್, ವೈಫೈ, ಮೊಬೈಲ್ ಮೂರನ್ನೂ ಬಿಡುವಿದ್ದ ದಿನ ಒಮ್ಮೆ ಹಾಕಿ ನೋಡಿ. ಆಮೇಲೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ.