ಚಿನ್ನದ ಗಣಿಯಲ್ಲಿ ಕಣಗಳ ಎಣಿಕೆ

ಪ್ರತಿವರ್ಷವೂ ವಿಜ್ಞಾನ ಪ್ರದರ್ಶನದ ದಿನ ಹತ್ತಿರವಾದಂತೆ ಪೋಷಕರಲ್ಲಿ ಕೆಲವರು ನಮ್ಮೊಡನೆ ಒಂದು ಸಂದೇಹವನ್ನು ತೋಡಿಕೊಳ್ಳುವುದುಂಟು. ಮಕ್ಕಳಿಂದ ಸಂಶೋಧನೆ ಮಾಡಿಸುತ್ತೇವೆ ಎನ್ನುತ್ತೀರಿ. ಸಂಶೋಧನೆಯೆಂಬುದು ಕೋಟಿಗಟ್ಟಲೆ ಬೆಲೆಬಾಳುವ ಯಂತ್ರಗಳ ನಡುವೆ ಮಹಾಪಂಡಿತರು ನಡೆಸತಕ್ಕ ಕಾರ್ಯವಲ್ಲವೆ? ಅದರಲ್ಲಿಯೂ ನಕ್ಷತ್ರಗಳ ಒಡಲು, ವಿಶ್ವದ ರಚನೆ, ಪರಮಾಣುವಿಗಿಂತಲೂ ಕಿರಿದಾದ ಕಣಗಳು ಎಂದ ಮೇಲೆ ಕನ್ನಡ ಶಾಲೆಯ ಹುಡುಗನಿಗೂ ಹುಡುಗಿಗೂ ಅಲ್ಲಿ ಏನು ಕೆಲಸ? ಈ ಸಂದೇಹ ಸಹಜವಾದುದೇ. ಇದಕ್ಕೆ ಉಪದೇಶದಿಂದ ಉತ್ತರ ಹೇಳುವುದಕ್ಕಿಂತ, ಒಬ್ಬ ವಿದ್ಯಾರ್ಥಿಯು ನಡೆಸಿದ ಒಂದು ನಿಜವಾದ ಸಂಶೋಧನೆಯನ್ನೇ ವಿವರಿಸುವುದು ಲೇಸೆಂದು ನಮಗೆ ತೋರಿದೆ. ಅದು ನಡೆದದ್ದು ಸಮುದ್ರದಾಚೆಯಲ್ಲ. ನಮ್ಮ ಹೊಸೂರಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಬಹುದಾದ ಕೋಲಾರದ ಚಿನ್ನದ ಗಣಿಯಲ್ಲಿ.

ಮೊದಲು ವಿಷಯವನ್ನು ತಿಳಿಯೋಣ. ವಿದ್ಯಾರ್ಥಿಗಳೇ, ನಿಮ್ಮ ಅಂಗೈಯನ್ನು ಆಕಾಶಕ್ಕೆ ಮುಖಮಾಡಿ ಚಾಚಿರಿ. ನೀವು ಏನನ್ನೂ ಕಾಣಲಾರಿರಿ, ಏನೂ ತಾಕಿದಂತೆ ಅನ್ನಿಸುವುದೂ ಇಲ್ಲ. ಆದರೂ ಸುಮಾರು ಒಂದೊಂದು ಸೆಕೆಂಡಿಗೂ ಒಂದೊಂದರಂತೆ ಅತಿಸೂಕ್ಷ್ಮವಾದ ಕಣಗಳು ನಿಮ್ಮ ಅಂಗೈಯನ್ನು ತೂರಿಕೊಂಡು ಕೆಳಕ್ಕೆ ಹೋಗುತ್ತಿವೆ. ಇವಕ್ಕೆ ಮ್ಯೂಆನ್ ಎಂದು ಹೆಸರು. ದೂರದ ಆಕಾಶದಿಂದ ಪ್ರೋಟಾನು ಮೊದಲಾದ ಕಣಗಳು ಮಹಾವೇಗದಿಂದ ಬಂದು ನಮ್ಮ ವಾಯುಮಂಡಲದ ಮೇಲ್ಪದರವನ್ನು ಬಡಿಯುತ್ತವೆ. ಆ ಬಡಿತದಿಂದ ಹುಟ್ಟಿದ ಕಣಗಳು ಒಡೆದು ಮ್ಯೂಆನುಗಳಾಗುತ್ತವೆ. ಆಕಾಶದಿಂದ ಬರುವ ಈ ಮೂಲ ಕಣಗಳಿಗೆ ವಿಶ್ವಕಿರಣಗಳೆಂದು ಹೆಸರು. ವಿಕ್ಟರ್ ಹೆಸ್ ಎಂಬ ಆಸ್ಟ್ರಿಯದ ವಿಜ್ಞಾನಿಯು 1912ರಲ್ಲಿ ಬಲೂನಿನಲ್ಲಿ ಕುಳಿತು ಐದು ಕಿಲೋಮೀಟರಿಗೂ ಮೇಲಕ್ಕೆ ಏರಿ, ಏರಿದಂತೆಲ್ಲ ವಿಕಿರಣವು ಹೆಚ್ಚುವುದನ್ನು ಅಳೆದು, ಇದು ನೆಲದಿಂದ ಬಂದುದಲ್ಲ, ಮೇಲಿನಿಂದ ಇಳಿಯತಕ್ಕದ್ದು ಎಂದು ತೋರಿಸಿಕೊಟ್ಟನು.

ಮ್ಯೂಆನಿನ ಆಯುಷ್ಯವು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರೊಳಗೆ ಸುಮಾರು 660 ಮೀಟರು ಸಾಗಿ ಅಳಿಯಬೇಕು. ಆದರೆ ಅದು ಹುಟ್ಟುವುದು ನೆಲದಿಂದ ಸುಮಾರು 15 ಕಿಲೋಮೀಟರು ಮೇಲೆ. ಹಾಗಿದ್ದೂ ನಮ್ಮ ಅಂಗೈಗೆ ಬಂದು ತಲಪುವುದು ಹೇಗೆ? ಅತಿವೇಗದಿಂದ ಚಲಿಸುವ ವಸ್ತುವಿನ ಕಾಲವು ನಮ್ಮ ಗಡಿಯಾರಕ್ಕೆ ನಿಧಾನವಾಗಿ ಕಾಣುತ್ತದೆ ಎಂಬ ಐನ್‌ಸ್ಟೈನರ ಸಿದ್ಧಾಂತವೇ ಇದಕ್ಕೆ ಸಮಾಧಾನ. ಇದನ್ನು ಮೇಲಿನ ತರಗತಿಗಳಲ್ಲಿ ವಿಸ್ತಾರವಾಗಿ ಓದುವಿರಿ.

ಇನ್ನು ನಮ್ಮ ವಿದ್ಯಾರ್ಥಿಯ ಸಂಗತಿ. ಹಲ್ಲುಪುಡಿಗೂ ರಸಬಾಳೆಗೂ ಹೆಸರಾದ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಬೆಂಗಳೂರಿನಲ್ಲಿ ಓದನ್ನು ಮುಗಿಸಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರು ಅದರ ಸ್ಥಾಪಕರು, ನಿರ್ದೇಶಕರು. ಅವರು ಈ ತರುಣನಿಗೆ ವಹಿಸಿದ ಪ್ರಶ್ನೆ ಕೇಳುವುದಕ್ಕೆ ಬಹು ಸಣ್ಣದು: ನೆಲದ ಮೇಲೆ ಇಷ್ಟು ಮ್ಯೂಆನುಗಳು ಬೀಳುತ್ತವಷ್ಟೆ, ನೆಲದೊಳಕ್ಕೆ ಇಳಿದಂತೆ ಅವು ಎಷ್ಟೆಷ್ಟು ಕಡಮೆಯಾಗುತ್ತವೆ? ಉತ್ತರ ಬೇಕಾದರೆ ಆಳವಾದ ಜಾಗ ಬೇಕು. ಕೋಲಾರದ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದು, ಲೋಕದ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿದ್ದಿತು. ಅಲ್ಲಿಯ ಬಂಡೆಯು ನೀರಿನ ಮೂರರಷ್ಟು ಭಾರವಾದುದು. ಆದಕಾರಣ ಒಂದು ಮೀಟರು ಬಂಡೆಯ ಕೆಳಗೆ ನಿಂತರೆ ಮೂರು ಮೀಟರು ನೀರಿನ ಕೆಳಗೆ ನಿಂತಂತೆ.

1951ರಲ್ಲಿ ಶ್ರೀಕಂಠನ್ ಅವರು ಗೈಗರ್ ಎಣಿಕೆಯ ಕೊಳವೆಗಳನ್ನು ಕಟ್ಟಿಕೊಂಡು ಗಣಿಗೆ ಬಂದರು. ಈ ಕೊಳವೆಯೊಳಗೆ ವಾಯುವೂ ನಡುವೆ ಒಂದು ತೆಳುವಾದ ತಂತಿಯೂ ಇರುತ್ತವೆ. ವಿದ್ಯುದಾವೇಶವುಳ್ಳ ಕಣವು ತೂರಿಹೋದೊಡನೆ ತಂತಿಯಲ್ಲಿ ಒಂದು ಕ್ಷಣ ವಿದ್ಯುತ್ತು ಮಿಡಿಯುತ್ತದೆ; ಆ ಮಿಡಿತವನ್ನು ಯಂತ್ರವು ಎಣಿಸುತ್ತದೆ. ಆದರೆ ಬಂಡೆಯಲ್ಲಿಯೇ ಸಹಜವಾದ ವಿಕಿರಣವುಂಟು. ಅದೂ ಕೊಳವೆಯನ್ನು ಮಿಡಿಸುತ್ತದೆ. ಜೊಳ್ಳನ್ನೂ ಕಾಳನ್ನೂ ಬೇರೆ ಮಾಡುವುದು ಹೇಗೆ? ಕೊಳವೆಗಳನ್ನು ಒಂದರ ಮೇಲೊಂದು ಅಟ್ಟಣೆಯಾಗಿ ಜೋಡಿಸಿ, ಮೇಲಿನದೂ ಕೆಳಗಿನದೂ ಏಕಕಾಲದಲ್ಲಿ ಮಿಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಮೇಲಿನಿಂದ ನೇರವಾಗಿ ತೂರಿಬಂದ ಮ್ಯೂಆನು ಎಲ್ಲವನ್ನೂ ಒಟ್ಟಿಗೆ ಮಿಡಿಸುತ್ತದೆ. ಬಂಡೆಯ ವಿಕಿರಣವು ಸಾಮಾನ್ಯವಾಗಿ ಒಂದನ್ನೇ ಮಿಡಿಸಿ ಸುಮ್ಮನಾಗುತ್ತದೆ. ಇಷ್ಟೇ ಉಪಾಯ. ನಮ್ಮ ಹತ್ತನೆಯ ತರಗತಿಯ ಹುಡುಗನಿಗೆ ಅರ್ಥವಾಗದ ಭಾಗ ಇದರಲ್ಲಿ ಒಂದೂ ಇಲ್ಲ.

ಹೀಗೆ ಅವರು ಒಂದು ಮಟ್ಟದಲ್ಲಿ ಎಣಿಸುವುದು, ಮತ್ತೆ ಇನ್ನೂ ಕೆಳಗಿನ ಮಟ್ಟಕ್ಕೆ ಉಪಕರಣವನ್ನು ಸಾಗಿಸಿ ಎಣಿಸುವುದು, ಹೀಗೆ ಸುಮಾರು 300 ಮೀಟರು ಆಳದವರೆಗೆ ಅಳೆದರು. ಗಣಿಯೊಳಗೆ ಕತ್ತಲೆ, ಸೆಕೆ, ಧೂಳು. ಕನ್ನಡ, ತಮಿಳು, ತೆಲುಗು ಮಾತನಾಡುವ ಕಾರ್ಮಿಕರು ಚಿನ್ನದ ಅದಿರಿಗಾಗಿ ಬಂಡೆಯನ್ನು ಒಡೆಯುತ್ತಿದ್ದ ಸುರಂಗಗಳಲ್ಲಿಯೇ ಈ ವಿದ್ಯಾರ್ಥಿಯ ಕೊಳವೆಗಳು ಮಿಡಿಯುತ್ತಿದ್ದವು. ಅವರ ಡಾಕ್ಟರೇಟ್ ಪ್ರಬಂಧಕ್ಕೆ ಈ ಎಣಿಕೆಯೇ ಆಧಾರ. ಮುಂದೆ ಅವರು ಅದೇ ಟಾಟಾ ಸಂಸ್ಥೆಗೆ ನಿರ್ದೇಶಕರಾದುದನ್ನೂ ಹೇಳಬೇಕು. ಆದರೆ ನಮ್ಮ ಮನಸ್ಸಿಗೆ ಹಿಡಿಸುವುದು ಆ ಪದವಿಗಿಂತ ಈ ಎಣಿಕೆಯೇ.

ಇಂಥ ಎಣಿಕೆಯಲ್ಲಿ ತಾಳ್ಮೆ ಏಕೆ ಬೇಕೆಂಬುದಕ್ಕೆ ಗಣಿತದ ಕಾರಣವುಂಟು. ಕಣಗಳು ಗಡಿಯಾರದಂತೆ ಕ್ರಮವಾಗಿ ಬೀಳುವುದಿಲ್ಲ. ಮಳೆಯ ಮೊದಲ ಹನಿಗಳಂತೆ ಹೇಗೆಂದರೆ ಹಾಗೆ ಬೀಳುತ್ತವೆ. ಒಂದು ಗಂಟೆಯಲ್ಲಿ ನೂರು ಎಣಿಸಿದರೆ ಇನ್ನೊಂದು ಗಂಟೆಯಲ್ಲಿ ತೊಂಬತ್ತೋ ನೂರಹತ್ತೋ ಬಂದೀತು. ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜವೆಂಬುದು ನಿಯಮ. ನೂರಕ್ಕೆ ಹತ್ತು, ಹತ್ತು ಸಾವಿರಕ್ಕೆ ನೂರು, ಅಂದರೆ ಶೇಕಡ ಒಂದು ಮಾತ್ರ. ಆದುದರಿಂದ ಹತ್ತರಷ್ಟು ನಿಖರವಾದ ಉತ್ತರ ಬೇಕೆಂದರೆ ನೂರರಷ್ಟು ಹೆಚ್ಚು ಎಣಿಸಬೇಕು. ಅವಸರಕ್ಕೆ ಇಲ್ಲಿ ಬೆಲೆಯಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ತಂದೆಯವರ ಕೈಯಲ್ಲಿ ಮಾದರಿಯನ್ನು ಅಂಟಿಸಿಕೊಂಡು ಬರುವ ಕೆಲವು ಬಾಲಕರು ಈ ನಿಯಮವನ್ನು ಎರಡು ಸಲ ಓದಲಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಹತ್ತು ವರ್ಷಗಳ ತರುವಾಯ ಮಿಯಾಕೆ, ನರಸಿಂಹಂ, ರಮಣಮೂರ್ತಿ ಎಂಬ ವಿಜ್ಞಾನಿಗಳು ಉಪಕರಣವನ್ನು ಇನ್ನೂ ಕೆಳಕ್ಕೆ, ಸುಮಾರು 2,700 ಮೀಟರು ಆಳದವರೆಗೂ ಒಯ್ದರು. ಅತ್ಯಂತ ಆಳದ ಆ ಜಾಗದಲ್ಲಿ ಎರಡು ತಿಂಗಳು ಕಾದರು. ಬಂದ ಮ್ಯೂಆನುಗಳ ಸಂಖ್ಯೆ ಸೊನ್ನೆ. ಒಂದೂ ಇಲ್ಲ.

ನಮ್ಮ ಪ್ರಯೋಗದ ಪುಸ್ತಕಗಳಲ್ಲಿ ಸೊನ್ನೆ ಬಂದರೆ ಮಕ್ಕಳು ಅದನ್ನು ಅಳಿಸಿ, ಪಕ್ಕದವನ ಪುಸ್ತಕದ ಸಂಖ್ಯೆಯನ್ನು ಬರೆದುಕೊಳ್ಳುವುದನ್ನು ನಾವು ಬಲ್ಲೆವು. ಕೋಲಾರದಲ್ಲಿ ಯಾರೂ ಹಾಗೆ ಮಾಡಲಿಲ್ಲ. ಆ ಸೊನ್ನೆಯೇ ಅತ್ಯಂತ ಬೆಲೆಯುಳ್ಳ ಫಲವೆಂದು ಅವರಿಗೆ ತಿಳಿಯಿತು. ಅದು ಹೇಗೆ?

ಮ್ಯೂಆನುಗಳ ಜೊತೆಯಲ್ಲಿಯೇ ವಾಯುಮಂಡಲದಲ್ಲಿ ಹುಟ್ಟುವ ಇನ್ನೊಂದು ಕಣವುಂಟು. ಅದಕ್ಕೆ ನ್ಯೂಟ್ರಿನೊ ಎಂದು ಹೆಸರು. ಅದಕ್ಕೆ ವಿದ್ಯುದಾವೇಶವಿಲ್ಲ, ಬಂಡೆಯೇನು, ಇಡೀ ಭೂಮಿಯನ್ನೇ ತಡೆಯಿಲ್ಲದೆ ತೂರಿಹೋಗಬಲ್ಲುದು. ಸೂರ್ಯನಿಂದ ಬರುವ ನ್ಯೂಟ್ರಿನೊಗಳಂತೂ ನಿಮ್ಮ ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ಹಾದುಹೋಗುತ್ತವೆ. ನಮಗೆ ಅದರ ಪರಿವೆಯೇ ಇಲ್ಲ. ಬಹು ಅಪರೂಪಕ್ಕೆ ಒಂದು ನ್ಯೂಟ್ರಿನೊ ಬಂಡೆಯ ಪರಮಾಣುವೊಂದಕ್ಕೆ ತಾಗಿ ಅಲ್ಲಿಯೇ ಒಂದು ಮ್ಯೂಆನನ್ನು ಹುಟ್ಟಿಸುತ್ತದೆ. ನೆಲದ ಮೇಲೆ ಇದನ್ನು ಹುಡುಕುವುದು ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಹೊರಟಂತೆ. ಗದ್ದಲವಿಲ್ಲದ ಜಾಗ ಎಲ್ಲಿ? ಮೇಲಿನ ಮ್ಯೂಆನುಗಳು ತಲಪದ ಜಾಗ. ಅಂದರೆ ಸೊನ್ನೆ ಬಂದ ಕೋಲಾರದ ಆಳ.

ಹೀಗೆ ಟಾಟಾ ಸಂಸ್ಥೆಯವರೂ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯದವರೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರೂ ಕೂಡಿ 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. ಈ ಸಲ ಕಣವನ್ನು ಗುರುತಿಸುವ ಫಲಕಗಳನ್ನು ಗೋಡೆಗಳಂತೆ ಎದುರುಬದುರಾಗಿ ಇಟ್ಟರು. ಅಷ್ಟು ಆಳಕ್ಕೆ ಮೇಲಿನಿಂದ ಮ್ಯೂಆನು ಬಂದರೂ ನೆಟ್ಟಗೆ ತಲೆಯ ಮೇಲಿನಿಂದಲೇ ಬರಬೇಕು. ಓರೆಯಾಗಿ ಬರುವುದಕ್ಕೆ ದಾಟಬೇಕಾದ ಬಂಡೆ ವಿಪರೀತ. ಹಾಗಾದರೆ ಅಡ್ಡಲಾಗಿ ಗೋಡೆಯಿಂದ ಗೋಡೆಗೆ ಹಾದುಹೋದ ಮ್ಯೂಆನು ಹತ್ತಿರದ ಬಂಡೆಯಲ್ಲಿಯೇ ನ್ಯೂಟ್ರಿನೊವಿನಿಂದ ಹುಟ್ಟಿದುದಲ್ಲದೆ ಬೇರೆಯಲ್ಲ. 1965ರಲ್ಲಿ ಅಂಥ ಕಣಗಳು ದೊರೆತವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೂ ಅವು ಕಂಡುವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮಾನವನು ಗುರುತಿಸಿದ್ದು ಆಗಲೇ ಮೊದಲು.

ಈ ನ್ಯೂಟ್ರಿನೊಗಳ ಎಣಿಕೆಯು ಜಪಾನಿನ ಕಮಿಯೋಕ ಗಣಿಯಲ್ಲಿಯೂ ಮುಂದುವರಿಯಿತು. ಅಲ್ಲಿ ಸಾವಿರ ಮೀಟರು ಬಂಡೆಯ ಕೆಳಗೆ ಮೂರು ಸಾವಿರ ಟನ್ ಶುದ್ಧಜಲದ ತೊಟ್ಟಿಯನ್ನಿಟ್ಟು ಪ್ರೋಟಾನು ಅಳಿಯುವುದೇ ಎಂದು ಕಾಯುತ್ತಿದ್ದರು. 1986ರಲ್ಲಿ ಡಾಕ್ಟರೇಟ್ ಮುಗಿಸಿದ ತಕಾಕಿ ಕಜಿತ ಎಂಬ ತರುಣನು, ಆ ಕಾಯುವಿಕೆಗೆ ಅಡ್ಡಬರುತ್ತಿದ್ದ ನ್ಯೂಟ್ರಿನೊಗಳ ಲೆಕ್ಕವನ್ನು ಹಿಂದಿರುಗಿ ನೋಡುತ್ತ, ಒಂದು ಬಗೆಯವು ಇರಬೇಕಾದಷ್ಟು ಇಲ್ಲವೆಂಬುದನ್ನು ಕಂಡನು. ತಪ್ಪು ತನ್ನದಿರಬಹುದೆಂದು ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ 1988ರಲ್ಲಿ ಅದು ಪ್ರಕಟವಾಯಿತು. ನ್ಯೂಟ್ರಿನೊಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತವೆಂದೂ, ಆದುದರಿಂದ ಅವಕ್ಕೆ ಅಲ್ಪವಾದರೂ ತೂಕವುಂಟೆಂದೂ 1998ರಲ್ಲಿ ಇನ್ನೂ ದೊಡ್ಡ ತೊಟ್ಟಿಯಿಂದ ಸಿದ್ಧವಾಯಿತು. 2015ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಪ್ರೋಟಾನಿನ ಅಳಿವು ಮಾತ್ರ ಇಂದಿಗೂ ಕಂಡುಬಂದಿಲ್ಲ. ಅದೂ ಒಂದು ಸೊನ್ನೆಯೇ, ಅದನ್ನೂ ಬರೆದಿಟ್ಟಿದ್ದಾರೆ.

ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು. ಆದರೆ ಮ್ಯೂಆನುಗಳ ಎಣಿಕೆ ನಮ್ಮ ರಾಜ್ಯದ ಉದಕಮಂಡಲದಲ್ಲಿ ಇಂದಿಗೂ ನಡೆಯುತ್ತಿದೆ. ನೀಲಗಿರಿಯ ಆ ವಿಶ್ವಕಿರಣ ಪ್ರಯೋಗಶಾಲೆಯಲ್ಲಿ 2014ರ ಡಿಸೆಂಬರ್ 1ರಂದು ಗುಡುಗುಮೋಡವೊಂದು ಮೇಲೆ ಹಾದುಹೋದಾಗ ಎಣಿಕೆ ಸ್ವಲ್ಪ ತಗ್ಗಿತು. ಆ ತಗ್ಗಿನಿಂದಲೇ ಮೋಡದಲ್ಲಿ 130 ಕೋಟಿ ವೋಲ್ಟಿನಷ್ಟು ವಿದ್ಯುದ್ಬಲವಿದ್ದಿತೆಂದು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಯೂರೋಪಿನ ಸರ್ನ್ ಸಂಸ್ಥೆಯು 2014ರಿಂದ ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿಯೇ ಒಂದು ಸ್ಪರ್ಧೆಯನ್ನು ನಡೆಸುತ್ತಿದೆ. ಗೆದ್ದ ತಂಡದವರು ತಾವೇ ಯೋಚಿಸಿದ ಪ್ರಯೋಗವನ್ನು ನಿಜವಾದ ಕಣಯಂತ್ರದ ಮುಂದೆ ಮಾಡಬಹುದು.

ನಮ್ಮ ಶಾಲೆಯಲ್ಲಿ ಅಂಥ ಯಂತ್ರವಿಲ್ಲ. ಇದ್ದುದರಲ್ಲಿ ಮಾಡಬಹುದಾದ ಒಂದನ್ನು ಹೇಳುತ್ತೇವೆ. ಒಂದು ಕಾಲು ಅಂಗುಲದ ಕನ್ನಡಿಯ ಚೂರನ್ನು ಬಿಸಿಲಿನಲ್ಲಿಟ್ಟು, ಅದರ ಬೆಳಕನ್ನು 20 ಮೀಟರು ದೂರದ ಕತ್ತಲೆಯ ಕೊಠಡಿಯೊಳಕ್ಕೆ ಬಿಡಿರಿ. ಅಲ್ಲಿ ಬೆಳಕು ನೇರವಾಗಿ ಬೀಳುವಂತೆ ಬಿಳಿಯ ಹಲಗೆಯೊಂದನ್ನು ನಿಲ್ಲಿಸಿದರೆ ಸುಮಾರು 19 ಸೆಂಟಿಮೀಟರು ಅಗಲದ ಸೂರ್ಯಬಿಂಬವೇ ಮೂಡುತ್ತದೆ. ಸೂರ್ಯನನ್ನಾಗಲಿ ಕನ್ನಡಿಯನ್ನಾಗಲಿ ಕಣ್ಣಿಟ್ಟು ನೋಡಕೂಡದು. ಹಲಗೆಯನ್ನು ಮಾತ್ರ ನೋಡಬೇಕು. ಬಿಂಬವು ಸರಿಯುತ್ತಲೇ ಇರುವುದರಿಂದ ಇಬ್ಬರು ಒಂದೇ ಕ್ಷಣದಲ್ಲಿ ಎರಡು ಅಂಚುಗಳಿಗೂ ಗುರುತು ಹಾಕಬೇಕು. ಅಂಚು ಸ್ವಲ್ಪ ಮಬ್ಬಾಗಿರುತ್ತದೆ. ಆದುದರಿಂದ ಒಂದು ಅಳತೆ ಸಾಲದು, ಐವತ್ತಾದರೂ ಬೇಕು. ಜನವರಿಯ ಮೊದಲ ವಾರದಲ್ಲೊಮ್ಮೆ, ಜುಲೈ ಮೊದಲ ವಾರದಲ್ಲೊಮ್ಮೆ ಅಳೆದು, ಎರಡರ ಸರಾಸರಿಗಳನ್ನು ಹೋಲಿಸಿರಿ. ವ್ಯತ್ಯಾಸ ಸುಮಾರು ಆರು ಮಿಲಿಮೀಟರು ಬರಬೇಕು. ಯಾವ ತಿಂಗಳಲ್ಲಿ ಬಿಂಬ ದೊಡ್ಡದು, ಅದರಿಂದ ಭೂಮಿಯ ದಾರಿಯ ವಿಚಾರವಾಗಿ ಏನು ತಿಳಿಯುತ್ತದೆ ಎಂಬುದನ್ನು ನಾವು ಇಲ್ಲಿ ಬರೆಯುವುದಿಲ್ಲ. ಅಳತೆಯ ಪುಸ್ತಕವನ್ನು ವಿಜ್ಞಾನದ ಕೊಠಡಿಯ ಬೀರುವಿನಲ್ಲಿ ಇರಿಸಿದೆ. ತಾರೀಖು, ವೇಳೆ, ಅಳೆದವರ ಹೆಸರು, ದೊರೆತ ಸಂಖ್ಯೆ ಇಷ್ಟನ್ನು ಶಾಯಿಯಲ್ಲಿ ಬರೆಯತಕ್ಕದ್ದು, ರಬ್ಬರು ತರಬೇಕಾಗಿಲ್ಲ.