ಎಳನೀರಿನಲ್ಲಿ ಅಡಗಿದ ಬೆಂಕಿ

ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲು ಅಮ್ಮಸಂದ್ರವನ್ನು ಸಮೀಪಿಸಿದಾಗ ಎರಡು ನೋಟಗಳು ಎದುರಾಗುತ್ತವೆ: ಒಂದು ಸಿಮೆಂಟಿನ ಕಾರ್ಖಾನೆ, ಇನ್ನೊಂದು ತೆಂಗಿನ ತೋಟ. ಸುಣ್ಣಕಲ್ಲು ಸಿಮೆಂಟಾಗಬೇಕಾದರೆ ಗೂಡಿನಲ್ಲಿ ಸುಮಾರು 1450 ಡಿಗ್ರಿ ಕಾವಿರಬೇಕು. ತೋಟ ಹಸುರಾಗಿರಬೇಕಾದರೆ ಕೊಳವೆಬಾವಿಯ ಪಂಪಿಗೆ ವಿದ್ಯುತ್ತಿರಬೇಕು. ಎರಡಕ್ಕೂ ಬೇಕಾದದ್ದು ಶಕ್ತಿಯೇ. ಅಂತಹ ಶಕ್ತಿಯ ಭಂಡಾರವೊಂದು ಈ ತೋಟದ ಎಳನೀರಿನಲ್ಲಿಯೇ ಇದೆಯೆಂದರೆ ಓದುಗರು ನಕ್ಕಾರು. ಆದರೂ ಅದು ಕವಿಯ ಕಲ್ಪನೆಯಲ್ಲ.

ಯಾವ ನೀರಿನಲ್ಲಿಯಾದರೂ ಜಲಜನಕದ ಸುಮಾರು 6400 ಪರಮಾಣುಗಳಿಗೆ ಒಂದು ಇಮ್ಮಡಿ ಭಾರದ್ದಾಗಿರುತ್ತದೆ. ಅದರ ಹೆಸರು ಡ್ಯೂಟೀರಿಯಂ. ಕೈಗಾದಲ್ಲಿ ನಡೆಯುವುದು ಯುರೇನಿಯಮ್ಮಿನ ಭಾರವಾದ ಬೀಜಗಳನ್ನು ಒಡೆಯುವ ಕಾರ್ಯ. ಹಗುರವಾದ ಬೀಜಗಳನ್ನು ಒಂದುಗೂಡಿಸುವುದು ಬೈಜಿಕ ಸಮ್ಮಿಲನ. ಸೂರ್ಯನು ಬೆಳಗುವುದು ಸಮ್ಮಿಲನದಿಂದಲೇ. ಒಂದು ಲೀಟರ್ ನೀರಿನಲ್ಲಿರುವ ಡ್ಯೂಟೀರಿಯಂ ಪೂರ್ತಿಯಾಗಿ ಸಮ್ಮಿಲನಗೊಂಡರೆ ಸುಮಾರು 300 ಲೀಟರ್ ಪೆಟ್ರೋಲಿನಷ್ಟು ಶಾಖ ದೊರೆಯುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ. ಕಾವು ಕುಂದಿದೊಡನೆ ಕ್ರಿಯೆ ತಾನಾಗಿಯೇ ನಿಲ್ಲುವುದರಿಂದ ಅದು ಕೈಮೀರುವ ಭಯವೂ ಇಲ್ಲ. ಕುಲುಮೆಯ ಒಳಗೋಡೆ ವಿಕಿರಣಶೀಲವಾಗುವುದು ನಿಜ. ಆದರೆ ಸಾವಿರಾರು ವರ್ಷ ಕಾಯ್ದಿಡಬೇಕಾದ ಉರಿದ ಇಂಧನ ಇಲ್ಲಿ ಉಳಿಯುವುದಿಲ್ಲ.

ಹಾಗಾದರೆ ತಡವೇಕೆ? ಈ ಬೀಜಗಳು ಒಂದನ್ನೊಂದು ದೂರ ತಳ್ಳುತ್ತವೆ. ಅವನ್ನು ಕೂಡಿಸಲು ಹತ್ತು ಕೋಟಿ ಡಿಗ್ರಿಯನ್ನು ಮೀರಿದ ಕಾವು ಬೇಕು. ಅದನ್ನು ತಾಳುವ ಪಾತ್ರೆ ಲೋಕದಲ್ಲಿಲ್ಲ, ಕಾಂತಕ್ಷೇತ್ರವೇ ಪಾತ್ರೆಯಾಗಬೇಕು. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರು 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷರಾಗಿ, ಎರಡು ದಶಕಗಳಲ್ಲಿ ಈ ಶಕ್ತಿ ಹತೋಟಿಗೆ ಬಂದೀತೆಂದು ನುಡಿದರು. ಎಪ್ಪತ್ತು ವರ್ಷಗಳು ಕಳೆದುವು. ಗಾಂಧಿನಗರದಲ್ಲಿ 1989ರಲ್ಲಿ 'ಆದಿತ್ಯ' ಯಂತ್ರ ಕೆಲಸಮಾಡತೊಡಗಿತು. ಫ್ರಾನ್ಸಿನಲ್ಲಿ ಎದ್ದುನಿಲ್ಲುತ್ತಿರುವ 'ಈಟರ್' ಯಂತ್ರದಲ್ಲಿ ಭಾರತವೂ ಪಾಲುದಾರ. 2022ರ ಡಿಸೆಂಬರಿನಲ್ಲಿ ಅಮೆರಿಕದ ವಿಜ್ಞಾನಿಗಳು 2.05 ಮೆಗಾಜೂಲ್ ಲೇಸರ್ ಬೆಳಕನ್ನು ಹಾಯಿಸಿ 3.15 ಮೆಗಾಜೂಲ್ ಶಕ್ತಿಯನ್ನು ಪಡೆದರು. ಆದರೆ ಆ ಬೆಳಕನ್ನು ಉಂಟುಮಾಡಲು ವ್ಯಯವಾದ ವಿದ್ಯುತ್ತು ಸುಮಾರು 300 ಮೆಗಾಜೂಲ್! ಗೆಲವು ದಿಟ, ಲಾಭ ಇನ್ನೂ ದೂರ.

ಅಷ್ಟರಿಂದ ಪ್ರಯತ್ನವನ್ನು ಕೈಬಿಡಬೇಕೆ? ಈ ಸೀಮೆಯ ರೈತನನ್ನು ಕೇಳಬೇಕು. ತೆಂಗಿನ ಸಸಿ ನೆಟ್ಟವನು ಫಲಕ್ಕಾಗಿ ಆರೇಳು ವರ್ಷ ಕಾಯುತ್ತಾನೆ. ಪೂರ್ಣಫಲವನ್ನು ಮಕ್ಕಳು, ಮೊಮ್ಮಕ್ಕಳು ಉಣ್ಣುತ್ತಾರೆ. ಹಾಗೆಂದು ನೆಡುವುದನ್ನು ಅವನು ಬಿಡನು. ಸಸಿಯನ್ನು ನೆಚ್ಚಿ, ಕಾಯಿಬಿಡುತ್ತಿರುವ ಮರಕ್ಕೆ ನೀರು ತಪ್ಪಿಸುವುದೂ ಇಲ್ಲ. ನಮ್ಮ ಜಿಲ್ಲೆಯದೇ ಆದ ಪಾವಗಡದಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರಫಲಕಗಳು ಸೂರ್ಯನ ಸಮ್ಮಿಲನವನ್ನೇ ವಿದ್ಯುತ್ತಾಗಿ ಮಾಡುತ್ತಿವೆ. ಅದು ಇಂದಿನ ಮರ. ಸೂರ್ಯ ಮುಳುಗಿದ ಮೇಲೂ ಪಂಪು ತಿರುಗಿಸಬಲ್ಲ ಭೂಮಿಯ ಕುಲುಮೆ ನಾಳಿನ ಸಸಿ. ಎರಡಕ್ಕೂ ನೀರೆರೆಯುವುದು ಇಂದಿನವರ ಕರ್ತವ್ಯ.