ವೈಟ್‌ಚಾಪೆಲ್‌ನ ಆ ಐವರು ಮಹಿಳೆಯರು

‘ಜ್ಯಾಕ್ ದ ರಿಪ್ಪರ್’ ಎಂಬ ಹೆಸರನ್ನು ಕೇಳದವರು ವಿರಳ. ಇಂಗ್ಲಿಷ್ ಸಿನಿಮಾ ನೋಡುವ, ಪತ್ತೇದಾರಿ ಕಥೆ ಓದುವ ನಮ್ಮ ಯುವಜನರಿಗಂತೂ ಇದು ಚಿರಪರಿಚಿತ. 1888ರ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಲಂಡನ್ನಿನಲ್ಲಿ ಐವರು ಬಡ ಹೆಂಗಸರನ್ನು ಕತ್ತು ಕೊಯ್ದು ಕೊಂದವನಿಗೆ ಇಟ್ಟ ಹೆಸರದು. ಅವನು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. ವೈದ್ಯನೆಂದರು, ಕಟುಕನೆಂದರು, ರಾಜಮನೆತನದವನೆಂದೂ ಹೇಳಿದರು. ಅವನ ಬಗ್ಗೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ.

ಆದರೆ ಪ್ರಿಯ ಓದುಗರೇ, ಸತ್ತ ಆ ಐವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲಿರಾ? ಕೊಂದವನು ಲೋಕಪ್ರಸಿದ್ಧನಾದ, ಕೊಲೆಯಾದವರು ಅನಾಮಿಕರಾದರು. ಇದು ಯಾವ ನ್ಯಾಯ?

ಊರೊಳಗೊಂದು ಬಡ ಊರು

ಆಗ ಲಂಡನ್ ಜಗತ್ತಿನ ಅತ್ಯಂತ ದೊಡ್ಡ ನಗರ, ಸಾಮ್ರಾಜ್ಯದ ರಾಜಧಾನಿ. ಅದರ ಪೂರ್ವಭಾಗವಾದ ಈಸ್ಟ್ ಎಂಡ್ ಮಾತ್ರ ಬಡವರ ಬೀಡು. ಅಲ್ಲೇ ವೈಟ್‌ಚಾಪೆಲ್. ಕ್ಷಾಮದಿಂದ ಕಂಗೆಟ್ಟು ಬಂದ ಐರಿಷ್ ಕುಟುಂಬಗಳು, ರಷ್ಯಾ ಸಾಮ್ರಾಜ್ಯದ ಹಿಂಸೆಗೆ ಹೆದರಿ ಓಡಿಬಂದ ಯೆಹೂದ್ಯರು, ಹಳ್ಳಿ ಬಿಟ್ಟು ಕೂಲಿ ಅರಸಿ ಬಂದವರು ಎಲ್ಲರೂ ಅಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. ಗಂಡಸರಿಗೆ ಬಂದರಿನಲ್ಲಿ ದಿನಗೂಲಿ. ಹೆಂಗಸರಿಗೆ ಮನೆಗೆಲಸ, ಬಟ್ಟೆ ಒಗೆಯುವುದು, ಹೊಲಿಗೆ. ಚಾರ್ಲ್ಸ್ ಬೂತ್ ಎಂಬವರು ಮನೆ ಮನೆಯ ಮಾಹಿತಿ ಕಲೆಹಾಕಿ 1889ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಪೂರ್ವ ಲಂಡನ್ನಿನ ಶೇಕಡಾ 35ರಷ್ಟು ಜನ ಬಡತನದಲ್ಲಿದ್ದರು.

ಮನೆಯಿಲ್ಲದವರಿಗೆ ಅಲ್ಲಿ ಬಾಡಿಗೆ ವಸತಿಗೃಹಗಳಿದ್ದವು. ಒಂದು ರಾತ್ರಿಯ ಹಾಸಿಗೆಗೆ ನಾಲ್ಕು ಪೆನ್ಸ್. ಕಾಸು ಕೊಟ್ಟರೆ ಮಲಗಬಹುದು, ಇಲ್ಲದಿದ್ದರೆ ಬೀದಿಗೆ ನಡೆಯಬೇಕು. ನಾಳೆ ಕೊಡುತ್ತೇನೆ ಎಂಬ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ.

ನಾಲ್ಕು ಪೆನ್ಸಿಲ್ಲದೆ ಹೋದ ಜೀವಗಳು

ಮೊದಲನೆಯವಳು ಮೇರಿ ಆ್ಯನ್ ನಿಕೋಲ್ಸ್. ವಯಸ್ಸು 43. ಅಚ್ಚುಕೂಟದ ಕೆಲಸಗಾರನ ಹೆಂಡತಿ, ಐದು ಮಕ್ಕಳ ತಾಯಿ. ಸಂಸಾರ ಮುರಿದು ಬಿದ್ದಿತ್ತು, ಕುಡಿತ ಅಂಟಿಕೊಂಡಿತ್ತು. 1888ರ ಆಗಸ್ಟ್ 31ರ ನಸುಕಿಗೆ ಮುನ್ನ ಹಾಸಿಗೆಯ ದುಡ್ಡಿಲ್ಲವೆಂದು ಆಕೆಯನ್ನು ವಸತಿಗೃಹದಿಂದ ಹೊರಗೆ ಕಳುಹಿಸಿದರು. ಕೆಲವೇ ಗಂಟೆಗಳಲ್ಲಿ ಬಕ್ಸ್ ರೋ ಎಂಬ ಬೀದಿಯಲ್ಲಿ ಹೆಣವಾಗಿ ಸಿಕ್ಕಳು. ಒಳಲಂಗದ ಮೇಲಿದ್ದ ಬಡವರ ದುಡಿಮೆಗೃಹದ (ವರ್ಕ್‌ಹೌಸ್) ಗುರುತೇ ಆಕೆಯ ಪತ್ತೆಗೆ ದಾರಿಯಾಯಿತು.

ಸೆಪ್ಟೆಂಬರ್ 8ರಂದು ಆ್ಯನಿ ಚಾಪ್‌ಮನ್. ಆಕೆಯ ಗಂಡ ಸಾರೋಟಿನ ಚಾಲಕ; ಬೇರೆಯಾದ ಮೇಲೂ ವಾರಕ್ಕೆ ಹಣ ಕಳುಹಿಸುತ್ತಿದ್ದ. 1886ರಲ್ಲಿ ಅವನು ತೀರಿಕೊಂಡಾಗ ಅದೂ ನಿಂತಿತು. ಕಸೂತಿ ಹೆಣೆದು, ಹೂ ಮಾರಿ ಹೊಟ್ಟೆ ಹೊರೆಯುತ್ತಿದ್ದ ಆಕೆಗೆ ಶ್ವಾಸಕೋಶದ ಕಾಯಿಲೆ ಬೇರೆ. ಆಕೆಯನ್ನೂ ಅದೇ ಕಾರಣಕ್ಕೆ, ನಡುರಾತ್ರಿ ಕಳೆದ ಮೇಲೆ ಹೊರಗೆ ಕಳುಹಿಸಲಾಗಿತ್ತು.

ಸೆಪ್ಟೆಂಬರ್ 30ರ ಒಂದೇ ರಾತ್ರಿ ಇಬ್ಬರು. ಒಬ್ಬಳು ಸ್ವೀಡನ್ನಿನ ರೈತ ಕುಟುಂಬದಿಂದ ಬಂದು ಮನೆಗೆಲಸ ಮಾಡುತ್ತಿದ್ದ ಎಲಿಜಬೆತ್ ಸ್ಟ್ರೈಡ್. ಇನ್ನೊಬ್ಬಳು ಕ್ಯಾಥರೀನ್ ಎಡ್ಡೋಸ್. ಜೊತೆಗಾರನೊಂದಿಗೆ ಕೆಂಟ್ ಪ್ರಾಂತ್ಯದ ಹೊಲಗಳಲ್ಲಿ ಕೂಲಿ ಮಾಡಿ ಆಗಷ್ಟೇ ಮರಳಿದ್ದಳು. ಊಟಕ್ಕಾಗಿ ಅವನ ಬೂಟುಗಳನ್ನೇ ಅಡವಿಟ್ಟಿದ್ದರು. ಕುಡಿದಿದ್ದಾಳೆಂದು ಠಾಣೆಯಲ್ಲಿ ಕೂಡಿಹಾಕಿದ್ದ ಆಕೆಯನ್ನು ಪೊಲೀಸರು ರಾತ್ರಿ ಒಂದು ಗಂಟೆಗೆ ಬಿಟ್ಟುಕಳುಹಿಸಿದರು. ಮುಕ್ಕಾಲು ಗಂಟೆಯೊಳಗೆ ಮೈಟರ್ ಸ್ಕ್ವೇರ್‌ನಲ್ಲಿ ಆಕೆಯ ಶವ ಕಂಡಿತು.

ಬಾಗಿಲು ತೆರೆದಿಟ್ಟ ಮೇರಿ

ಐದನೆಯವಳು ಮೇರಿ ಜೇನ್ ಕೆಲ್ಲಿ. ಸುಮಾರು 25ರ ಹರೆಯದ ಕಥೋಲಿಕ ಯುವತಿ. ತಾನು ಐರ್ಲೆಂಡಿನ ಲಿಮರಿಕ್‌ನಲ್ಲಿ ಹುಟ್ಟಿದವಳೆಂದು ಹೇಳಿಕೊಂಡಿದ್ದಳು. ಹೊಟ್ಟೆಪಾಡಿಗಾಗಿ ಮೈ ಮಾರಿಕೊಳ್ಳುವ ಸ್ಥಿತಿಗೆ ಬಂದಿದ್ದಳು. ಮಿಲ್ಲರ್ಸ್ ಕೋರ್ಟ್ ಎಂಬ ಓಣಿಯ 13ನೇ ನಂಬರಿನ ಒಂಟಿ ಕೋಣೆಗೆ ವಾರಕ್ಕೆ ನಾಲ್ಕೂವರೆ ಶಿಲ್ಲಿಂಗ್ ಬಾಡಿಗೆ. ಜೊತೆಗಿದ್ದವನು ಮೀನು ಮಾರುಕಟ್ಟೆಯ ಹಮಾಲಿ ಕೆಲಸ ಕಳೆದುಕೊಂಡಿದ್ದ. ಬಾಕಿ 29 ಶಿಲ್ಲಿಂಗ್‌ಗೆ ಏರಿತ್ತು.

ಅಕ್ಟೋಬರ್ ಕೊನೆಗೆ ಅವನು ಆಕೆಯನ್ನು ಬಿಟ್ಟುಹೋದ. ಏಕೆಂದು ವಿಚಾರಣೆಯಲ್ಲಿ ಕೇಳಿದಾಗ ಅವನು ಕೊಟ್ಟ ಉತ್ತರ ಗಮನಾರ್ಹ. ‘ನಡತೆ ಸರಿಯಿಲ್ಲದ’ ಒಬ್ಬ ಹೆಂಗಸನ್ನು ಮೇರಿ ಕನಿಕರದಿಂದ ಕೋಣೆಯೊಳಗೆ ಸೇರಿಸಿಕೊಂಡಿದ್ದಳು, ಅದು ತನಗೆ ಹಿಡಿಸಲಿಲ್ಲ ಎಂದ! ನಾಲ್ಕು ಪೆನ್ಸಿಗಾಗಿ ಜನರನ್ನು ಬೀದಿಗೆ ತಳ್ಳುತ್ತಿದ್ದ ಆ ಕೇರಿಯಲ್ಲಿ, ತನ್ನ ಬಾಡಿಗೆಯನ್ನೇ ಕಟ್ಟಲಾಗದ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ ಪುಕ್ಕಟೆಯಾಗಿ ಜಾಗ ಕೊಟ್ಟಿದ್ದಳು.

ನವೆಂಬರ್ 9ರ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ‘ಅಯ್ಯೋ, ಕೊಲೆ!’ ಎಂಬ ಕೂಗು ಓಣಿಯಲ್ಲಿ ಕೇಳಿಸಿತು. ಮೇಲಿನ ಕೋಣೆಯಾಕೆಗೂ ಎದುರು ಮನೆಯಲ್ಲಿದ್ದ ಇನ್ನೊಬ್ಬಳಿಗೂ ಅದು ಕೇಳಿಸಿತ್ತು. ಯಾರೂ ಏಳಲಿಲ್ಲ. ಅಂಥ ಕೂಗು ಅಲ್ಲಿ ದಿನನಿತ್ಯದ್ದು. ಅವರು ಕಲ್ಲೆದೆಯವರೇನೂ ಅಲ್ಲ; ಕೂಗು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಬೆಳಿಗ್ಗೆ ಮುಕ್ಕಾಲು ಹನ್ನೊಂದಕ್ಕೆ ಬಾಡಿಗೆ ವಸೂಲಿಗೆ ಬಂದವನು ಒಡೆದ ಕಿಟಕಿಯಿಂದ ಇಣುಕಿ ನೋಡಿ ಬೆಚ್ಚಿಬಿದ್ದ.

ಮೇರಿಯ ಕುಟುಂಬದವರು ಯಾರೂ ಬರಲಿಲ್ಲ. ಶೋರ್‌ಡಿಚ್‌ನ ಆಂಗ್ಲಿಕನ್ ದೇವಾಲಯದ ಊಳಿಗದವರಾಗಿದ್ದ ಹೆನ್ರಿ ವಿಲ್ಟನ್ ಎಂಬವರು ಸ್ವಂತ ಹಣದಿಂದ ಶವಪೆಟ್ಟಿಗೆ ಮಾಡಿಸಿದರು. ನವೆಂಬರ್ 19ರಂದು ಸಾವಿರಾರು ಬಡಜನ ಬೀದಿಯಲ್ಲಿ ನೆರೆದು ಕಣ್ಣೀರಿಟ್ಟರು. ಲೇಟನ್‌ಸ್ಟೋನ್‌ನ ಸಂತ ಪ್ಯಾಟ್ರಿಕ್ ಕಥೋಲಿಕ ಸಮಾಧಿ ಭೂಮಿಯಲ್ಲಿ ಆಕೆಯನ್ನು ಮಣ್ಣು ಮಾಡಲಾಯಿತು.

ಹೆಸರು ಕೊಟ್ಟವರು ಯಾರು?

ಪೊಲೀಸರು ಸುಮ್ಮನಿರಲಿಲ್ಲ. 80,000 ಕರಪತ್ರ ಹಂಚಿದರು, ಮನೆ ಮನೆ ಶೋಧಿಸಿದರು. ಆದರೆ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಬೆರಳಚ್ಚು ವಿಭಾಗ ಶುರುವಾದದ್ದೇ 1901ರಲ್ಲಿ. ಸೆಪ್ಟೆಂಬರ್ ಕೊನೆಗೆ ಸುದ್ದಿಸಂಸ್ಥೆಯೊಂದಕ್ಕೆ ಕೆಂಪು ಶಾಯಿಯ ಪತ್ರವೊಂದು ಬಂತು. ‘ಜ್ಯಾಕ್ ದ ರಿಪ್ಪರ್’ ಎಂಬ ಸಹಿ ಮೊದಲು ಕಂಡದ್ದು ಅದರಲ್ಲೇ. ಅದು ಪತ್ರಕರ್ತನೊಬ್ಬನ ಕೈವಾಡವೆಂದು ಹಿರಿಯ ಪೊಲೀಸ್ ಅಧಿಕಾರಿಗಳೇ ಬಳಿಕ ಅಭಿಪ್ರಾಯಪಟ್ಟರು. ಪತ್ರಿಕೆಗಳು ಮಾತ್ರ ಬಿಸಿಬಿಸಿಯಾಗಿ ಮಾರಾಟವಾದವು.

ಸತ್ತವರೆಲ್ಲ ವೇಶ್ಯೆಯರು ಎಂಬ ಒಂದೇ ಮಾತಿನಲ್ಲಿ ಅವರ ಬದುಕು ಮುಗಿದುಹೋಯಿತು. ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿ 2019ರಲ್ಲಿ ಈ ಐವರ ಜೀವನ ಚರಿತ್ರೆಯನ್ನು ಬರೆದರು. ಅವರಲ್ಲಿ ಮೂವರು ಆ ವೃತ್ತಿಯಲ್ಲಿದ್ದರೆನ್ನಲು ಆಧಾರವೇ ಇಲ್ಲವೆಂಬುದು ಆಕೆಯ ವಾದ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಇರಲಿ, ಒಂದು ವೇಳೆ ಐವರೂ ಅದೇ ವೃತ್ತಿಯವರಾಗಿದ್ದರೂ, ಅವರ ಜೀವದ ಬೆಲೆ ಕಡಿಮೆಯಾದೀತೇ?

ಎಚ್ಚೆತ್ತವರೂ ಇದ್ದರು

ವೈಟ್‌ಚಾಪೆಲ್‌ನ ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಆ ಸೆಪ್ಟೆಂಬರಿನಲ್ಲೇ ‘ದ ಟೈಮ್ಸ್’ ಪತ್ರಿಕೆಗೆ ಬರೆದರು. ಅವರು ಕೇಳಿದ್ದು ಬೀದಿಗಳಿಗೆ ಬೆಳಕು, ಶುಚಿತ್ವ, ದಕ್ಷ ಪೊಲೀಸರು, ಹೊಣೆಯರಿತ ಮನೆ ಮಾಲೀಕರು. ಕೊಲೆಗಾರನನ್ನು ಹಿಡಿದರಷ್ಟೇ ಸಾಲದು, ಕೊಲೆಗೆ ಎಡೆಗೊಡುವ ಕತ್ತಲೆಯನ್ನೂ ನೀಗಬೇಕು ಎಂಬುದೇ ಅದರ ತಾತ್ಪರ್ಯ.

ಮರುವರ್ಷ, 1889ರಲ್ಲಿ, ಅದೇ ಈಸ್ಟ್ ಎಂಡಿನ ಬಂದರು ಕಾರ್ಮಿಕರು ಗಂಟೆಗೆ ಆರು ಪೆನ್ಸ್ ಕೂಲಿಗಾಗಿ ಮುಷ್ಕರ ಹೂಡಿದರು. ವೆಸ್ಟ್‌ಮಿನ್‌ಸ್ಟರ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಮ್ಯಾನಿಂಗ್ ತಮ್ಮ 81ರ ಇಳಿವಯಸ್ಸಿನಲ್ಲಿ ಮಧ್ಯಸ್ಥಿಕೆ ವಹಿಸಿ ಅದನ್ನು ಇತ್ಯರ್ಥಪಡಿಸಿದರು. ಕಾರ್ಮಿಕರಿಗೆ ಆರು ಪೆನ್ಸ್ ದೊರೆಯಿತು. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಲೇಬೇಕೆಂದು ಸಾರಿದರು. ಒಂದು ಗಂಟೆಯ ಆ ಕೂಲಿ, ಒಂದು ರಾತ್ರಿಯ ಹಾಸಿಗೆಯ ಬೆಲೆಗಿಂತ ಎರಡೇ ಪೆನ್ಸ್ ಹೆಚ್ಚು ಎಂಬುದನ್ನು ನೆನೆದರೆ ಆ ಹೋರಾಟದ ಅರ್ಥ ತಿಳಿಯುತ್ತದೆ.

ಆದರೂ ಹಳೆಯ ಚಾಳಿ ಹೋಗಿಲ್ಲ. 2015ರಲ್ಲಿ ಪೂರ್ವ ಲಂಡನ್ನಿನಲ್ಲಿ ಮಹಿಳೆಯರ ಇತಿಹಾಸದ ವಸ್ತು ಸಂಗ್ರಹಾಲಯಕ್ಕೆಂದು ಅನುಮತಿ ಪಡೆದ ಕಟ್ಟಡ ತೆರೆದುಕೊಂಡದ್ದು ಕೊಲೆಗಾರನ ಹೆಸರಿನಲ್ಲಿ! ಸ್ಥಳೀಯ ಮಹಿಳೆಯರು ಬೀದಿಗಿಳಿದು ಪ್ರತಿಭಟಿಸಿದರು.

ಕೊಲೆಗಾರನನ್ನು ಹುಡುಕುವ ಕಾಲ ಮುಗಿಯಿತು. ಉಳಿದಿರುವ ಕೆಲಸ ನಮ್ಮದು. ನಮ್ಮ ಪಟ್ಟಣಗಳ ಅಂಚಿನಲ್ಲೂ ಒಂಟಿ ಕೋಣೆ ಹಿಡಿದು ಕೂಲಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಬೀದಿದೀಪವಿಲ್ಲದ ಓಣಿಗಳಿವೆ, ಗೋಡೆಯಾಚೆಯಿಂದ ಬರುವ ಕೂಗುಗಳಿವೆ. ‘ಅದು ದಿನಾ ಇದ್ದದ್ದೇ’ ಎಂದು ಮಗ್ಗುಲು ಬದಲಿಸುವ ಮೊದಲು ಒಮ್ಮೆ ಎದ್ದು ಬಾಗಿಲು ತಟ್ಟೋಣ. ಮೃತರನ್ನು ಸ್ಮರಿಸುವ ನವೆಂಬರ್ ತಿಂಗಳಲ್ಲಿ, ಯಾರೂ ಹೆಸರು ಹೇಳದ ಈ ಐವರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ: ಮೇರಿ ಆ್ಯನ್, ಆ್ಯನಿ, ಎಲಿಜಬೆತ್, ಕ್ಯಾಥರೀನ್, ಮೇರಿ ಜೇನ್.